ಗಿರಣಿ ನಿಂತ ಮೇಲೆ ಆಡಿದ ಮಾತು

ಹೋದ ತಿಂಗಳು ಶಿರಸಿಯಲ್ಲಿ ಬಸ್ಸಿನ ಟಯರ್ ಬದಲಿಸುವುದು ತಡವಾಗಿ ನನಗೆ ಒಂದು ಗಂಟೆ ಬಿಡುವು ಸಿಕ್ಕಿತು. ಹೆಂಡತಿ ಹೇಳಿದ್ದ ಸಾಮಾನು ತರೋಣವೆಂದು ಪೇಟೆಯ ಹಳೆಯ ಓಣಿಗೆ ಹೋದೆ. ತಿರುವಿನಲ್ಲಿ ಹಿಟ್ಟಿನ ಗಿರಣಿಯ ಬಿಸಿ ವಾಸನೆ ಮೂಗಿಗೆ ಬಡಿಯಿತು. ಆಗಷ್ಟೇ ಬೀಸಿದ ಗೋದಿಹಿಟ್ಟು, ಅದರೊಳಗೆ ತುಸು ಸುಟ್ಟ ಬೆಲ್ಟಿನ ಕಮಟು. ಕಾಲು ತಾನಾಗಿ ನಿಂತಿತು. ಗಿರಣಿಯ ಪಕ್ಕದ ಕಿರಿದಾದ ಮೆಟ್ಟಿಲು ಹಾಗೇ ಇದೆ. ಮೇಲಿನ ಕೋಣೆಯಲ್ಲಿ ಈಗ ಯಾರೋ ಮೊಬೈಲ್ ರಿಪೇರಿ ಮಾಡುತ್ತಾರೆ. ಏಳು ವರ್ಷದ ಹಿಂದೆ, ಒಂದು ಚಳಿಗಾಲದಿಂದ ಮಳೆ ಹಿಡಿಯುವವರೆಗೆ, ನಾನು, ನನ್ನ ಹೆಂಡತಿ ಸವಿತಾ, ಮಗಳು ಸಿಂಚನಾ ಹತ್ತಿ ಇಳಿದ ಮೆಟ್ಟಿಲು ಅದು.

ನಾನು ಬಸ್ಸಿನ ಚಾಲಕ. ಊರು ಕಾನಸೂರು. ಚಿಕ್ಕಂದಿನಿಂದ ನನಗೆ ಉಗ್ಗು. ಬರೆಯುವಾಗ ಅದು ಕಾಣುವುದಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡಬೇಕು. ಕ, ಗ, ಪ ಇಂಥ ಅಕ್ಷರ ಎದುರಾದರೆ ಗಂಟಲು ಕದ ಹಾಕಿಕೊಳ್ಳುತ್ತದೆ, ಕಣ್ಣು ಬಿಗಿಯಾಗಿ ಮುಚ್ಚುತ್ತದೆ, ಬಲಗೈ ತನ್ನಷ್ಟಕ್ಕೆ ತೊಡೆ ಬಡಿಯುತ್ತದೆ. ಹೋಟೆಲಿನಲ್ಲಿ ಕಾಫಿ ಬೇಕಿದ್ದಾಗೆಲ್ಲ ಚಹಾ ಕೇಳಿ ಕುಡಿದವನು ನಾನು. ಡ್ರೈವಿಂಗ್ ಕಲಿತದ್ದಕ್ಕೂ ಇದೇ ಕಾರಣ. ಚಾಲಕರೊಂದಿಗೆ ಮಾತನಾಡಬೇಡಿ ಎಂದು ಬಸ್ಸಿನಲ್ಲಿ ಬರೆದಿರುತ್ತದಲ್ಲ, ಹತ್ತನೇ ತರಗತಿಯಲ್ಲಿರುವಾಗ ಅದನ್ನು ಓದಿ, ನನಗೆ ಹೇಳಿ ಮಾಡಿಸಿದ ನೌಕರಿ ಇದು ಅಂದುಕೊಂಡಿದ್ದೆ. ಸವಿತಾಳನ್ನು ನೋಡಲು ಹೋದ ದಿನ ನಾನು ಆಡಿದ್ದು ಮೂರೇ ಮಾತು. ಮಗಳಿಗೆ ಸಿಂಚನಾ ಎಂದು ಹೆಸರಿಟ್ಟವನೂ ನಾನೇ. 'ಸ' ನನ್ನ ಬಾಯಲ್ಲಿ ಸಲೀಸಾಗಿ ಬರುವ ಅಕ್ಷರ. ಇದನ್ನು ಆಗ ಯಾರಿಗೂ ಹೇಳಿರಲಿಲ್ಲ.

ಸಿಂಚನಾ ಬೇಗ ಮಾತು ಕಲಿತಳು. ಎರಡು ವರ್ಷಕ್ಕೇ ಪಟಪಟ. ಅಂಗಳದ ಕೋಳಿಗೆ, ಬಾವಿಯ ರಾಟೆಗೆ, ಒಗೆಯುವ ಕಲ್ಲಿಗೆ, ಎಲ್ಲಕ್ಕೂ ಅವಳ ಮಾತು. ನನಗೆ ಕೇಳುತ್ತ ಕೂರುವುದೇ ಹಬ್ಬ. ಅವಳಿಗೆ ಮೂರೂವರೆ ತುಂಬಿದ ವರ್ಷ, ದೀಪಾವಳಿ ಕಳೆದು ಎರಡು ದಿನಕ್ಕೆ, ನಾನು ಡ್ಯೂಟಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಹಿಂದಿನಿಂದ ಓಡಿ ಬಂದವಳು ಬಾಗಿಲಲ್ಲಿ ನಿಂತು "ಅ ಅ ಅ ಅಪ್ಪ" ಅಂದಳು. ಆಟವೆಂದುಕೊಂಡೆ. ಮುಂದಿನ ವಾರ ಅದು ಆಟವಾಗಿರಲಿಲ್ಲ. ಒಂದು ಮಾತಿಗೆ ಬಾಯಿ ತೆರೆದು, ದನಿ ಹೊರಡದೆ, ಕಣ್ಣು ಬಿಗಿ ಮುಚ್ಚಿ, ಎಡಗಾಲನ್ನು ನೆಲಕ್ಕೆ ಬಡಿದಳು. ಕನ್ನಡಿಯಲ್ಲಿ ನನ್ನನ್ನೇ ನೋಡಿದ ಹಾಗಾಯಿತು.

ನಾನು ಶಾಲೆಯಲ್ಲಿರುವಾಗ ಅಕ್ಕಪಕ್ಕದ ಮನೆಯವರು ತಮ್ಮ ಮಕ್ಕಳಿಗೆ ಹೇಳುತ್ತಿದ್ದರು, ಅವನ ಹಾಗೆ ಅಣಕಿಸಬೇಡಿ, ನಿಮಗೂ ಹಿಡಿಯುತ್ತದೆ ಎಂದು. ಆ ಮಾತು ನನ್ನೊಳಗೆ ಎಲ್ಲೋ ಕೂತಿತ್ತು. ಮಗಳಿಗೆ ಹಿಡಿದದ್ದು ನನ್ನಿಂದಲೇ ಎಂದು ನಿರ್ಧರಿಸಿದೆ. ಹಾಗಾದರೆ ಅವಳ ಕಿವಿಗೆ ನನ್ನ ಮಾತು ಬೀಳಬಾರದು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಸಂಜೆ ಶಿರಸಿ ಬಿಟ್ಟು ಯಲ್ಲಾಪುರದ ಕಡೆಯ ಒಂದು ಹಳ್ಳಿಯಲ್ಲಿ ಉಳಿದು ಬೆಳಿಗ್ಗೆ ಹಿಂದಿರುಗುವ ವಸ್ತಿ ಬಸ್ಸಿನ ಡ್ಯೂಟಿ ಹಾಕಿಸಿಕೊಂಡೆ. ಮನೆಗೆ ಬಂದ ದಿನ ಕೈಸನ್ನೆಯಲ್ಲೇ ಮುಗಿಸಿದೆ. ಸಿಂಚನಾ ಹತ್ತಿರ ಬಂದರೆ ತಲೆ ಸವರಿ ಎದ್ದು ಹೋಗುತ್ತಿದ್ದೆ.

ಎರಡು ತಿಂಗಳು ಹೀಗೆ ನಡೆಯಿತು. ಸವಿತಾ ಮೊದಲು ಸಿಟ್ಟು ಮಾಡಿದಳು, ಆಮೇಲೆ ಅತ್ತಳು, ಕೊನೆಗೆ ತನ್ನ ದಾರಿ ತಾನು ನೋಡಿಕೊಂಡಳು. ಅವಳ ಸೋದರತ್ತೆ ಒಬ್ಬರು ಬಜೆ ತೇದು ನಾಲಿಗೆಗೆ ಹಚ್ಚಲು ಹೇಳಿದ್ದರು, ಹಚ್ಚಿ ನೋಡಿದಳು. ಮಗು ಮುಖ ಸಿಂಡರಿಸಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಕಡೆಗೆ ಅಂಗನವಾಡಿ ಟೀಚರು, ಶಿರಸಿಯಲ್ಲಿ ಮಕ್ಕಳ ಮಾತಿನ ತೊಂದರೆ ನೋಡುವ ಮೇಡಂ ಒಬ್ಬರು ಬಂದಿದ್ದಾರೆ ಎಂದು ತಿಳಿಸಿದರು. ಸವಿತಾ ಮಗಳನ್ನು ಕಂಕುಳಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಎರಡು ಸಲ ಹೋಗಿ ಬಂದು ನನಗೆ ಹೇಳಿದಳು. "ಅಪ್ಪ ಬರಬೇಕಂತೆ. ಅಪ್ಪ ಬರದೆ ಮುಂದಿನ ಕೆಲಸ ಆಗೂದಿಲ್ಲಂತೆ."

ನಾನು ಬರುವುದಿಲ್ಲ ಎಂದು ತಲೆಯಾಡಿಸಿದೆ.

ಆ ಮೇಡಂ ಹೆಸರು ವೀಣಾ. ಭೈರುಂಬೆ ಕಡೆಯವರು, ಮಂಗಳೂರಿನಲ್ಲಿ ಓದಿ ಆ ವರ್ಷವಷ್ಟೇ ಊರಿಗೆ ಮರಳಿದವರು. ದಿನಾ ಸಂಜೆ ಮನೆಗೆ ಹೋಗುತ್ತಿದ್ದದ್ದು ನನ್ನದೇ ಬಸ್ಸಿಗೆ ಎಂಬುದು ನನಗೆ ತಿಳಿದಿರಲಿಲ್ಲ. ಒಂದು ಸಂಜೆ ಗೇರ್ ಪೆಟ್ಟಿಗೆಯ ಪಕ್ಕದ ಮುಂದಿನ ಸೀಟಿನಲ್ಲಿ ಒಬ್ಬ ಹುಡುಗಿ ಕೂತು ಫೋನಿನಲ್ಲಿ "ಆಯಿ, ಆನು ಬಸ್ ಹತ್ತಿದ್ದೆ, ಬರ್ತೆ" ಎಂದು ಹೇಳಿ ಮುಗಿಸಿ, ನನ್ನತ್ತ ತಿರುಗಿದಳು. ಇಪ್ಪತ್ತೈದು ದಾಟಿರಲಿಲ್ಲ.

"ನೀವು ಸಿಂಚನಾಳ ಅಪ್ಪ ಅಲ್ದಾ? ಬಸ್ ಓಡ್ತಿರುವಾಗ ಮಾತಾಡೂದಿಲ್ಲ. ಬೋರ್ಡ್ ಓದಿದ್ದೇನೆ."

ಭೈರುಂಬೆಯಲ್ಲಿ ಇಳಿದ ಮೇಡಂ ಬಸ್ಸಿನ ಮುಂದಿನಿಂದ ಸುತ್ತಿ ನನ್ನ ಕಿಟಕಿಯ ಕೆಳಗೆ ಬಂದು ನಿಂತರು. "ಈಗ ನಿಂತಿದೆಯಲ್ಲ, ಅದಕ್ಕೆ ಹೇಳ್ತೇನೆ. ನಮ್ಮ ಕೋಣೆಯ ಕೆಳಗೆ ಗಿರಣಿ ಇದೆ. ಮಧ್ಯಾಹ್ನ ಎರಡಕ್ಕೆ ನಿಲ್ಲಿಸ್ತಾರೆ, ನಾಲ್ಕಕ್ಕೆ ಮತ್ತೆ ಶುರು. ಆ ಎರಡು ತಾಸು ಮಾತ್ರ ನಂಗೆ ಮಕ್ಕಳ ದನಿ ಕೇಳ್ತದೆ. ನಾಳೆ ಆ ಹೊತ್ತಿಗೆ ನೀವು ಶಿರಸಿಯಲ್ಲೇ ಇರ್ತೀರಿ, ಕಂಡಕ್ಟರ್ ಹತ್ರ ಕೇಳಿದೆ. ಬನ್ನಿ."

ಗೇರ್ ಹಾಕಿ ಬಸ್ಸು ಬಿಟ್ಟೆ. ಅವರು ಮರುದಿನ ಸಂಜೆಯೂ ಅದೇ ಸೀಟಿನಲ್ಲಿ ಕೂತರು, ಅದೇ ಕಿಟಕಿಯ ಕೆಳಗೆ ನಿಂತರು, "ನಾಳೆ ಬನ್ನಿ" ಅಂದರು. ನಾಲ್ಕು ಸಂಜೆ ಹೀಗೇ ಆಯಿತು. ಐದನೆಯ ದಿನ ಮಧ್ಯಾಹ್ನ, ಸವಿತಾ ಮಗಳನ್ನು ಕರೆತರುವ ಹೊತ್ತಿಗೆ, ನಾನೂ ಹೋದೆ.

ಆ ದಿನವೂ ಗೋದಿ ಬೀಸಿ ನಿಲ್ಲಿಸಿದ್ದರು. ನೆಲ ಇನ್ನೂ ಕೆಳಗಿನ ಶಾಖಕ್ಕೆ ಬೆಚ್ಚಗಿತ್ತು. ಕೋಣೆಯಲ್ಲಿ ಒಂದು ಚಾಪೆ, ಅಡಿಗೆ ಆಟದ ಮರದ ಸಾಮಾನು, ಬಟ್ಟೆಯ ಬೊಂಬೆಗಳು, ಗೋಡೆಗೆ ಒರಗಿಸಿದ ಕನ್ನಡಿ. ಸಿಂಚನಾ ನನ್ನನ್ನು ನೋಡಿ ಸವಿತಾಳ ಸೆರಗಿನ ಹಿಂದೆ ಸರಿದಳು. ಮೇಡಂ ನನ್ನನ್ನೂ ಚಾಪೆಯ ಮೇಲೆ ಕೂರಿಸಿ, ನಿಮ್ಮ ಹೆಸರು ಹೇಳಿ ಅಂದರು.

ನನ್ನ ಹೆಸರು ಗಣಪತಿ. ಅದಕ್ಕಿಂತ ಕಷ್ಟದ ಪದ ನನ್ನ ಪಾಲಿಗೆ ಇನ್ನೊಂದಿಲ್ಲ. ಗ ಎಂಬಲ್ಲೇ ಕದ ಬಿತ್ತು. ಕೈ ತೊಡೆ ಬಡಿಯತೊಡಗಿತು. ಸವಿತಾ ಅಭ್ಯಾಸಬಲದಿಂದ ಹೇಳಲು ಹೊರಟಳು, ಮೇಡಂ ಅಂಗೈ ತೋರಿಸಿ ತಡೆದರು. ಅವರು ನೆಲ ನೋಡಲಿಲ್ಲ, ಗಡಿಯಾರ ನೋಡಲಿಲ್ಲ, ನಗಲಿಲ್ಲ, ಮರುಗಲಿಲ್ಲ. ನನ್ನ ಮುಖ ನೋಡುತ್ತ ಸುಮ್ಮನೆ ಕಾದರು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೊನೆಗೆ ಹೆಸರು ಹೊರಗೆ ಬಂತು. ಮೂವತ್ತಾರು ವರ್ಷದಲ್ಲಿ ನನ್ನ ಹೆಸರನ್ನು ನಾನೇ ಹೇಳಿ ಮುಗಿಸುವ ತನಕ ಕಾದ ಮೊದಲ ಅಪರಿಚಿತರು ಅವರು.

ಆಮೇಲೆ ನನ್ನ ಲೆಕ್ಕಾಚಾರವನ್ನೆಲ್ಲ ತಡೆತಡೆದು ಹೇಳಿದೆ. ಕೇಳಿಸಿಕೊಂಡು ಮೇಡಂ ಅಂದರು, "ಇದು ಕೇಳಿ ಹಿಡಿಯೂದಲ್ಲ. ಕೆಲವು ಮನೆತನದಲ್ಲಿ ಎತ್ತರ ಬರ್ತದೆ, ಕೆಲವರಲ್ಲಿ ಗುಂಗುರು ಕೂದಲು ಬರ್ತದೆ, ಹಾಗೆ ಇದೂ ರಕ್ತದಲ್ಲಿ ಬರಬಹುದು. ನೀವು ಮಾತಾಡಿದ್ದಕ್ಕೆ ಬಂದದ್ದಲ್ಲ. ಹಾಗಾಗಿ ನೀವು ಸುಮ್ಮನಾದರೆ ಹೋಗೂದೂ ಇಲ್ಲ."

ನಾನು ನಂಬಲಿಲ್ಲ. ಅದು ಅವರಿಗೆ ತಿಳಿಯಿತು. ಸಿಂಚನಾಳನ್ನು ಕರೆದು ಬೊಂಬೆಗಳನ್ನು ಮುಂದಿಟ್ಟರು. ಅಮ್ಮ ಬೊಂಬೆ ಅಡಿಗೆ ಮಾಡಿತು, ಮಗಳು ಬೊಂಬೆ ಉಂಡಿತು. ಮೀಸೆಯ ಬೊಂಬೆಯನ್ನು ಸಿಂಚನಾ ಎತ್ತಿಕೊಂಡು ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂರಿಸಿದಳು.

"ಅಪ್ಪ ಅಲ್ಲಿ ಎಂತ ಮಾಡ್ತಿದ್ದಾರೆ?" ಎಂದು ಮೇಡಂ ಕೇಳಿದರು.

"ಸಿ ಸಿ ಸಿಟ್ಟು ಮಾಡಿದಾರೆ."

"ಯಾರ ಮೇಲೆ?"

"ನನ್ನ ಮೇಲೆ. ನಂಗೆ ಮಾತು ಸಿಕ್ಕಿ ಹಾಕ್ಕೊಳ್ತದಲ್ಲ, ಅದಕ್ಕೆ."

ಕೆಳಗೆ ಗಿರಣಿಯವ ನಿದ್ದೆ ಮುಗಿಸಿ ಕೆಮ್ಮಿದ್ದು ಕೇಳಿಸಿತು. ಅವಳನ್ನು ಕಾಪಾಡಲೆಂದು ಮಾಡಿದ್ದು ಅವಳಿಗೆ ಶಿಕ್ಷೆಯಾಗಿ ಮುಟ್ಟಿತ್ತು. ಆ ಗಳಿಗೆಯಲ್ಲಿ ನಾನೊಂದು ನಿರ್ಧಾರ ಮಾಡಿದೆ. ಉಗ್ಗಿದರೂ ಸರಿ, ಈ ಮಗುವಿನ ಎದುರು ಇನ್ನು ಬಾಯಿ ಮುಚ್ಚುವುದಿಲ್ಲ.

ಮೇಡಂ ಕೊಟ್ಟ ಕೆಲಸ ಕೇಳಲು ಬಹಳ ಸುಲಭ. ದಿನಕ್ಕೆ ಹದಿನೈದು ನಿಮಿಷ ಅಪ್ಪ ಮಗಳು ಇಬ್ಬರೇ ಆಡಬೇಕು. ಆಟ ಅವಳು ಹೇಳಿದ್ದು. ಪ್ರಶ್ನೆ ಕೇಳಬಾರದು. ಅವಳ ಮಾತು ಮುಗಿದ ಮೇಲೆ ಎರಡು ಉಸಿರಿನಷ್ಟು ಬಿಟ್ಟು ನಾನು ಮಾತಾಡಬೇಕು. ನಿಧಾನ ಮಾಡು, ಉಸಿರು ತಗೊ ಎಂದು ಅವಳಿಗೆ ಹೇಳಲೇಬಾರದು. ಯಾರ ಪದವನ್ನೂ ಇನ್ನೊಬ್ಬರು ಮುಗಿಸಬಾರದು. ಸವಿತಾ ಒಂದು ನೋಟ್‌ಬುಕ್ಕಿನಲ್ಲಿ ಆ ದಿನದ ಮಾತು ಹೇಗಿತ್ತು ಎಂಬುದಕ್ಕೆ ಹತ್ತರೊಳಗೆ ಒಂದು ಅಂಕ ಬರೆಯಬೇಕು. ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಮೊದಲ ದಿನ ಎಂಟು ಬರೆದಳು.

ದಿನಾ ಆಡಬೇಕೆಂದರೆ ನಾನು ದಿನಾ ಮನೆಯಲ್ಲಿರಬೇಕು. ವಸ್ತಿ ಡ್ಯೂಟಿ ಬಿಡಬೇಕು. ಅದಕ್ಕೆ ಡಿಪೋದಲ್ಲಿ ಸಾಹೇಬರನ್ನು ಕೇಳಬೇಕು. ನನ್ನ ಕಂಡಕ್ಟರ್ ಬಸವರಾಜ ಹಾವೇರಿ ಕಡೆಯವನು, ಆರು ವರ್ಷದಿಂದ ಜೊತೆಯಲ್ಲಿದ್ದವನು. ಡಿಪೋದಲ್ಲಿ, ಹೋಟೆಲಿನಲ್ಲಿ, ಪೊಲೀಸರ ಎದುರು, ನನ್ನ ಪರವಾಗಿ ಮಾತಾಡುವುದು ಅವನಿಗೆ ರೂಢಿ.

"ನೀವ್ಯಾಕ್ ತ್ರಾಸ ತಗೋತೀರಿ, ನಾ ಹೇಳ್ತೀನಿ ಬಿಡ್ರಿ" ಅಂದ.

"ಬೇಡ ಬಸವರಾಜ. ಈ ಸಲ ನಾನೇ ಹೇಳ್ತೆ. ಇನ್ನು ಮುಂದೆ ನನ್ನ ಮಾತು ನೀ ಮುಗಿಸಬೇಡ."

ಅವನಿಗೆ ನೋವಾಯಿತು. ಎರಡು ದಿನ ಟಿಕೆಟಿನ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಸ್ಸು ತೊಳೆಯುವಲ್ಲಿ ಬಂದು, "ನಿಮಗ ಬ್ಯಾಸರಾಗಿತ್ತಂದ್ರ ಮೊದಲ ಹೇಳಬೇಕಿತ್ರಿ. ನಾ ಸಹಾಯ ಅನ್ಕೊಂಡಿದ್ದೆ" ಅಂದ. ಸಹಾಯವೇ ಆಗಿತ್ತು. ಅವನಿಗೆ ಹಾಗೇ ಹೇಳಿದೆ.

ಸಾಹೇಬರ ಮೇಜಿನ ಮುಂದೆ ನಿಂತಾಗ ಹಿಂದೆ ಐದಾರು ಜನ ಸಾಲಿನಲ್ಲಿದ್ದರು. ಕಾನಸೂರು ಎಂಬ ಪದದಲ್ಲಿ ಸಿಕ್ಕಿಬಿದ್ದೆ. ಸಾಹೇಬರು ಕೆಟ್ಟವರಲ್ಲ, ಅವಸರದಲ್ಲಿದ್ದರು. ಒಂದು ಕಾಗದ ಮುಂದೆ ತಳ್ಳಿ, "ಬರೆದು ಕೊಡಿ ಗಣಪತಿ, ನೋಡುವಾ" ಅಂದರು. ಮೊದಲಾಗಿದ್ದರೆ ಆ ಕಾಗದ ದೇವರು ಕೊಟ್ಟ ಹಾಗೆ ಹಿಡಿದುಕೊಳ್ಳುತ್ತಿದ್ದೆ. ಅವತ್ತು ಅದನ್ನು ಹಿಂದಕ್ಕೆ ಸರಿಸಿದೆ. "ಬರೀತೆ ಸರ್, ಆದ್ರೆ ಮೊದಲು ಹೇಳ್ತೆ" ಅಂದೆ. ಹೇಳಿದೆ. ಮಗಳಿಗೆ ಉಗ್ಗು ಶುರುವಾಗಿದೆ, ಸಂಜೆ ಮನೆಯಲ್ಲಿರಬೇಕು, ಶಿರಸಿ ಸಿದ್ದಾಪುರ ನಡುವಿನ ಹಗಲು ಬಸ್ಸು ಸಿಕ್ಕರೆ ಸಾಕು. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಸಾಹೇಬರು ಪೆನ್ನು ಕೆಳಗಿಟ್ಟು ಕೊನೆಯವರೆಗೆ ಕೇಳಿದರು. ಹದಿನೈದು ದಿನ ಕಾಯಿಸಿದರು, ಆದರೆ ಡ್ಯೂಟಿ ಬದಲಿಸಿದರು.

ಮನೆಯ ಆಟ ಬಸ್ಸಿನಾಟವೇ ಆಯಿತು. ಊಟದ ತಟ್ಟೆ ಸ್ಟೇರಿಂಗು. ಚಾಲಕಿ ಅವಳು, ಪ್ರಯಾಣಿಕ ನಾನು. ಮೊದಲ ಸಂಜೆ ಬಸ್ಸು ಹತ್ತಿ ಕೂತೆ. ಎಲ್ಲಿಗೆ ಅಂದಳು. ಯಲ್ಲಾಪುರ ಎಂದರೆ ಸುಲಭವಿತ್ತು, ಬೇಕೆಂದೇ "ಕಾನಸೂರು" ಎನ್ನಲು ಹೊರಟೆ. ನಿಂತಿತು. ಅವಳು ತಟ್ಟೆ ತಿರುಗಿಸುವುದನ್ನು ನಿಲ್ಲಿಸಿ ಹಿಂದಿರುಗಿ ನೋಡಿದಳು. ಅಪ್ಪನಿಗೂ ಹೀಗಾಗುತ್ತದೆ ಎಂಬುದನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ನಾನು ಮುಖ ತಿರುಗಿಸಲಿಲ್ಲ.

"ನಿಂಗೂ ಸಿಕ್ಕಿ ಹಾಕ್ಕೊಂಡ್ತಾ ಅಪ್ಪ?"

ಹೌದೆಂದು ತಲೆಯಾಡಿಸಿದೆ.

"ಅಡ್ಡಿಲ್ಲೆ. ನೀ ಹೇಳು. ಬಸ್ ಬಿಡೂದಿಲ್ಲ."

ಜನವರಿ ಫೆಬ್ರವರಿ ಹೀಗೆ ಕಳೆದವು. ಬೆಳಗಿನ ಮಂಜಿನಲ್ಲಿ ಬಸ್ಸು ಓಡಿಸುವಾಗ ಬಾಯಲ್ಲಿ ಊರಿನ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆ. ವಾರಕ್ಕೊಮ್ಮೆ ಗಿರಣಿಯ ಮೆಟ್ಟಿಲು. ನೋಟ್‌ಬುಕ್ಕಿನ ಎಂಟು ಆರಾಯಿತು, ನಾಲ್ಕಾಯಿತು, ಮಾರ್ಚಿನ ಮೊದಲ ವಾರ ಒಂದು ದಿನ ಎರಡಕ್ಕೂ ಇಳಿಯಿತು. ಸವಿತಾ ಆ ಎರಡಕ್ಕೆ ಸುತ್ತ ಗೆರೆ ಎಳೆದಳು.

ಆ ತಿಂಗಳೇ ಬನವಾಸಿಯಲ್ಲಿ ಸವಿತಾಳ ತಂಗಿಯ ಮದುವೆ. ಬಿಸಿಲು ಏರುತ್ತಿತ್ತು, ಚಪ್ಪರದ ಆಚೆ ಅನಾನಸು ತುಂಬುವ ಲಾರಿ ನಿಂತಿತ್ತು. ಊಟಕ್ಕೆ ಮುಂಚೆ ನೆಂಟರೊಬ್ಬರು, ಸವಿತಾಳ ಸೋದರಮಾವ, ಸಿಂಚನಾಳನ್ನು ಬೆಂಚಿನ ಮೇಲೆ ನಿಲ್ಲಿಸಿ ಒಂದು ಪದ್ಯ ಹೇಳು ಅಂದರು. ಸುತ್ತ ಜನ. ಅವಳು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಕಾಲು ಬೆಂಚನ್ನು ಬಡಿಯತೊಡಗಿತು. ಮಾವ ನಕ್ಕು, "ಥೇಟ್ ಅಪ್ಪನ ಹಾಗೇ" ಎಂದು ಅವಳು ಮಾಡಿದಂತೆಯೇ ಮಾಡಿ ತೋರಿಸಿದರು. ಕೆಲವರು ನಕ್ಕರು.

ನಾನು ಜನರ ನಡುವಿನಿಂದ ಹೋಗಿ ಬೆಂಚಿನ ಪಕ್ಕ ನಿಂತೆ. ಮಗಳನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡು ಹೊರಟಿದ್ದರೆ ಅವಳ ಪಾಲಿಗೆ ಅದು ಓಡಿಹೋದ ಹಾಗೇ ಆಗುತ್ತಿತ್ತು. "ಮಾವ" ಅಂದೆ. ಮುಂದಿನ ಪದಕ್ಕೆ ಕದ ಬಿತ್ತು. ಯಾರೋ ನನ್ನ ಮಾತು ಮುಗಿಸಲು ನೋಡಿದರು, ನಾನು ತಲೆಯಾಡಿಸಿ ತಡೆದೆ. "ಕೂಸು ಹೇಳ್ತಾಳೆ. ನಿಮಗೆ ಕಾಯೂಕೆ ಆದ್ರೆ ಕಾಯಿರಿ. ಆಗದಿದ್ರೆ ಊಟಕ್ಕೆ ನಡೀರಿ. ನಗಬೇಡಿ." ಇಷ್ಟು ಹೇಳಲು ಎಷ್ಟೋ ಹೊತ್ತು ಹಿಡಿಯಿತು. ಸಿಂಚನಾ ಅವತ್ತು ಪದ್ಯ ಹೇಳಲಿಲ್ಲ. "ನಂಗೆ ಇಳೀಬೇಕು" ಎಂದಷ್ಟೇ ಅಂದಳು, ಅದನ್ನು ತಡೆಯಿಲ್ಲದೆ ಅಂದಳು. ಇಳಿಸಿದೆ. ಮಾವ ಸಂಜೆ ಹೊರಡುವಾಗ ಬಂದು, ತಮಾಷೆಗೆ ಮಾಡಿದ್ದಪ್ಪ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದರು.

ಮರುವಾರ ನೋಟ್‌ಬುಕ್ಕಿನಲ್ಲಿ ಏಳು. ಅದರ ಮರುವಾರ ಮತ್ತೆ ಎಂಟು. ಸಿಂಚನಾ ಹೊರಗಿನವರ ಎದುರು ಬಾಯಿಯನ್ನೇ ತೆರೆಯದಾದಳು. ಮೂರು ತಿಂಗಳ ಕೆಲಸ ನೀರಿಗೆ ಹೋಯಿತೆಂದು ನಾನು ಕೋಣೆಯ ಗೋಡೆಗೆ ಒರಗಿ ಕೂತೆ. ಮೇಡಂ ನೋಟ್‌ಬುಕ್ ತಿರುವಿ ನೋಡಿದರು.

"ಏರೂದು ಇಳಿಯೂದು ಇದರ ಸ್ವಭಾವ. ಹೋಗ್ತದೆ ಅಂತ ನಾನು ಮಾತು ಕೊಡೂದಿಲ್ಲ. ಚಿಕ್ಕ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಹೋಗ್ತದೆ, ಕೆಲವರಿಗೆ ಉಳೀತದೆ. ಉಳಿದರೂ ಅವಳು ಮಾತಾಡುವ ಹುಡುಗಿಯಾಗಿ ಬೆಳೀಬೇಕು. ನಾವು ಕೆಲಸ ಮಾಡ್ತಿರೂದು ಅದಕ್ಕೆ."

"ಅಂದ್ರೆ ನನ್ನ ಹಾಗೆ ಆಗಬಾರದು ಅಂತ" ಅಂದೆ.

"ಮೊದಲಿನ ನಿಮ್ಮ ಹಾಗೆ" ಎಂದು ಮೇಡಂ ತಿದ್ದಿದರು.

ಸವಿತಾ ನೋಟ್‌ಬುಕ್ ತೆಗೆದುಕೊಂಡು ಚೀಲಕ್ಕೆ ಹಾಕಿ, "ನಾಳೆಯಿಂದ ಮತ್ತೆ ಶುರು ಮಾಡೂದು" ಅಂದಳು. ಮತ್ತೆ ಶುರು ಮಾಡಿದೆವು. ಏಪ್ರಿಲ್ ಪೂರ್ತಿ ಒಂದು ಸಂಜೆಯನ್ನೂ ಬಿಡಲಿಲ್ಲ. ಸಿದ್ದಾಪುರದಿಂದ ತಡವಾಗಿ ಬಂದ ದಿನವೂ, ನನಗೆ ಜ್ವರವಿದ್ದ ಮೂರು ದಿನವೂ ತಟ್ಟೆಯ ಬಸ್ಸು ಹೊರಟಿತು. ರಜೆಗೆ ಬಂದ ಅಕ್ಕಪಕ್ಕದ ಮಕ್ಕಳು ಪ್ರಯಾಣಿಕರಾದರು. ಅವರಿಗೂ ಅವಳದೇ ನಿಯಮ, ಊರಿನ ಹೆಸರು ಹೇಳಿ ಮುಗಿಸುವ ತನಕ ಬಸ್ಸು ಬಿಡುವುದಿಲ್ಲ. ಮೇ ಕೊನೆಗೆ ಅಂಕ ಮೂರರ ಹತ್ತಿರ ನಿಂತಿತು. ಅದಕ್ಕಿಂತ ಮುಖ್ಯ, ಸಿಕ್ಕಿ ಹಾಕಿಕೊಂಡರೂ ಅವಳು ಮಾತು ಬಿಡುತ್ತಿರಲಿಲ್ಲ. ತುಸು ನಿಂತು, ದಾಟಿ, ಮುಂದೆ ಹೋಗುತ್ತಿದ್ದಳು. ಕಾಲು ಬಡಿಯುವುದು ನಿಂತಿತ್ತು.

ಈಗ ಅವಳು ಐದನೇ ಕ್ಲಾಸು. ಆರು ವರ್ಷ ತುಂಬುವ ಹೊತ್ತಿಗೆ ಉಗ್ಗು ಅವಳನ್ನು ಬಿಟ್ಟಿತು. ನನ್ನದು ಹಾಗೇ ಇದೆ, ತೊಡೆ ಬಡಿಯುವುದು ಮಾತ್ರ ಕಡಿಮೆಯಾಗಿದೆ. ವೀಣಾ ಮೇಡಂ ಮದುವೆಯಾಗಿ ಬೇರೆ ಊರಿಗೆ ಹೋದರು. ಆದರೆ ಆ ಜೂನ್ ತಿಂಗಳಲ್ಲಿ ಮುಂದೇನಾಗುವುದೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ. ಮಳೆ ಹಿಡಿದು ನಾಲ್ಕನೇ ದಿನ, ಎಲ್‌ಕೆಜಿಗೆ ಸೇರಿಸಲು ಊರಿನ ಶಾಲೆಗೆ ಮೂವರೂ ಹೋದೆವು. ಮುಖ್ಯ ಶಿಕ್ಷಕಿ ಐವತ್ತು ದಾಟಿದವರು, ಕಟ್ಟುನಿಟ್ಟಿನವರೆಂದು ಹೆಸರಾದವರು. ಅರ್ಜಿ ತುಂಬಿಸಿ ಸಹಿ ಹಾಕಿಸಿಕೊಂಡು, ಮತ್ತೇನಾದರೂ ಹೇಳುವುದಿದೆಯಾ ಎಂದು ಸವಿತಾಳ ಕಡೆ ನೋಡಿದರು. ಸವಿತಾ ನನ್ನ ಕಡೆ ನೋಡಿದಳು.

ನಾನು ಹೇಳಿದೆ. ಇವಳಿಗೆ ಮಾತು ಕೆಲವೊಮ್ಮೆ ಸಿಕ್ಕಿ ಹಾಕಿಕೊಳ್ಳುತ್ತದೆ, ಆಗ ಕಾಯಬೇಕು. ನಿಧಾನವಾಗಿ ಹೇಳು ಅನ್ನಬಾರದು. ಪದ ಮುಗಿಸಿ ಕೊಡಬಾರದು. ಕ್ಲಾಸಿನಲ್ಲಿ ಅವಳ ಸರದಿಯನ್ನು ತಪ್ಪಿಸಬಾರದು, ಅದು ಕರುಣೆಯಲ್ಲ. ಯಾರಾದರೂ ಅಣಕಿಸಿದರೆ ಇದು ಹಿಡಿಯುವ ರೋಗ ಎಂದು ಮಕ್ಕಳನ್ನು ಹೆದರಿಸಬಾರದು. ಏಳೆಂಟು ಕಡೆ ನಿಂತೆ. ಹೊರಗೆ ಮಳೆ ಹಂಚಿನ ಮೇಲೆ ಜೋರಾಗಿ ಹೊಯ್ಯುತ್ತಿದ್ದುದರಿಂದ ದನಿ ಏರಿಸಿಯೇ ಹೇಳಬೇಕಾಯಿತು.

ಮುಖ್ಯ ಶಿಕ್ಷಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ಶಾಲೇಲಿ ಇನ್ನೂ ಇಬ್ಬರು ಮಕ್ಕಳಿಗೆ ಹೀಗಿದೆ. ನಾಲ್ಕನೇ ಕ್ಲಾಸಿನವನನ್ನು ನಾನು ಗಟ್ಟಿಯಾಗಿ ಓದಿಸೂದೇ ಬಿಟ್ಟಿದ್ದೆ, ಪಾಪ ಅಂತ." ಅರ್ಜಿ ಬದಿಗಿಟ್ಟು, "ನೀವು ಈಗ ಹೇಳಿದ್ದನ್ನ ನಮ್ಮ ಟೀಚರಿಗೆಲ್ಲ ಒಂದು ದಿನ ಬಂದು ಹೇಳ್ತೀರಾ?" ಎಂದು ಕೇಳಿದರು.

"ಬುಧವಾರ ನಂಗೆ ರಜೆ" ಅಂದೆ.

ಬುಧವಾರ ಹೋದೆ. ಆರು ಜನ ಟೀಚರು, ಆ ಇಬ್ಬರು ಮಕ್ಕಳು, ಅವರ ಅಪ್ಪ ಅಮ್ಮಂದಿರು ಬಂದಿದ್ದರು. ಹತ್ತು ನಿಮಿಷದ ಮಾತಿಗೆ ನನಗೆ ಅರ್ಧ ಗಂಟೆ ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ.